ಹಕ್ಕಿ ಅಕ್ಕಿಯಾದ ಕಥೆ: ಮೈಕ್ ಕೇಬಲ್ಲಿನ ಸದ್ದು ತೆಗೆಯೋದು ಹೇಗೆ?

(ಇದು ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಸದ್ದು ಕೇಳಿಸಿದ ಜಾಗಗಳನ್ನು ಆವರಣದಲ್ಲಿ ಗುರುತು ಮಾಡಿದೆ.)

ಚೆನ್ನೈನ ಕೋಡಂಬಾಕ್ಕಂನಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಮೈಕ್ ಕೇಬಲ್ಲು. "ಇದಕ್ಕೊಂದು ವಿಡಿಯೋನಾ?" ಅಂತ ನನ್ನ ಹೆಂಡತಿಯೇ ಕೇಳಿದಳು. ಆದರೆ ಈ ಕೇಬಲ್ಲಿಂದ ನಮ್ಮ ಮನೇಲಿ ಒಂದು ಅನಾಹುತ ಆಯ್ತು. ಅದನ್ನ ಹೇಳಿಬಿಟ್ಟರೆ ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.

ನನ್ನ ಅಕ್ಕ ಇರೋದು ನ್ಯೂಜೆರ್ಸಿಯಲ್ಲಿ. ಅವಳ ಮಗಳಿಗೆ ಆರು ವರ್ಷ. ಮನೇಲಿ ಅಪ್ಪ ಅಮ್ಮ ಆಡೋದು ಬಿಟ್ಟರೆ ಆ ಮಗುವಿನ ಕಿವಿಗೆ ಬೇರೆ ಕನ್ನಡ ಬೀಳೋದೇ ಇಲ್ಲ. ಅದಕ್ಕೇ ನಾನು ವಾರಕ್ಕೊಂದು ಕಥೆ ಓದಿ ರೆಕಾರ್ಡ್ ಮಾಡಿ ಕಳಿಸೋಕೆ ಶುರು ಮಾಡಿದೆ. ಆಮೇಲೆ ಅಕ್ಕನ ಸ್ನೇಹಿತರ ಮನೆಗಳಿಗೂ ಹೋಯ್ತು, ನಮ್ಮ ಆಫೀಸಿನ ಇಬ್ಬರು ಕನ್ನಡದವರ ಮಕ್ಕಳಿಗೂ ಹೋಯ್ತು. ಒಂದು ದಿನ ಮಗು ವಿಡಿಯೋ ಕಾಲ್‌ನಲ್ಲಿ ಕೇಳಿತು: "ಮಾಮ, ಅಕ್ಕಿ ಯಾಕೆ ಗೂಡು ಕಟ್ಟುತ್ತೆ?"

ನನಗೆ ಅರ್ಥ ಆಗಲಿಲ್ಲ. ಪಕ್ಕದಲ್ಲಿದ್ದ ಅಕ್ಕ ನಗ್ತಾ ಅಂದಳು, "ನಮ್ಮೂರ ಕಡೆ ಮಾತನ್ನೇ ಕಲಿಸ್ತಾ ಇದ್ದೀಯ ಅಂದುಕೊಂಡೆ ಕಣೋ." ನಮ್ಮದು ಮಂಡ್ಯ ಕಡೆ. ಊರಲ್ಲಿ ಹಾಲಿಗೆ ಆಲು, ಹಸುವಿಗೆ ಅಸು ಅನ್ನೋರು ಬೇಕಾದಷ್ಟು ಜನ. ಅದು ಅವರ ನುಡಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಾನು ಓದಿದ್ದು "ಹಕ್ಕಿ" ಅಂತಾನೇ. ಫೈಲ್ ತೆಗೆದು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

(ಹಳೆಯ ರೆಕಾರ್ಡಿಂಗ್: "...ಅಕ್ಕಿ ಮರದ ಮೇಲೆ ಕೂತಿತ್ತು...")

ಕೇಳಿಸ್ತಲ್ಲ? ನನ್ನ ಬಾಯಲ್ಲಿದ್ದ ಹಕಾರ ಫೈಲಿನಲ್ಲಿ ಇಲ್ಲ.

ಕಾರಣ ನಾನೇ ಹಾಕಿದ್ದ ನಾಯ್ಸ್ ಗೇಟ್. ಗೇಟ್ ಅಂದರೆ ಅಪಾರ್ಟ್‌ಮೆಂಟ್ ಬಾಗಿಲಲ್ಲಿ ಕೂತ ವಾಚ್‌ಮನ್ ಇದ್ದ ಹಾಗೆ. ಇಷ್ಟು ಜೋರಿಗಿಂತ ಕಡಿಮೆ ಇರೋ ಸದ್ದನ್ನೆಲ್ಲ ಒಳಗೆ ಬಿಡಬೇಡ ಅಂತ ನಾವು ಹೇಳಿರ್ತೀವಿ, ಅವನು ಬಿಡಲ್ಲ. ಹಕಾರ ಬರೀ ಉಸಿರಿನ ಅಕ್ಷರ, ಬಹಳ ಮೆತ್ತಗೆ ಬರುತ್ತೆ. ವಾಚ್‌ಮನ್ ಅದನ್ನ ಗಲಾಟೆ ಅಂತ ತಿಳಿದು ತಡೆದ. ಹಿಂದೆ ಬಂದ ಅಕಾರ ಜೋರಾಗಿತ್ತು, ಬಾಗಿಲು ತೆಗೆದ. ಹಕ್ಕಿ ಹೋಗಿ ಅಕ್ಕಿ ಆಯ್ತು. ಇದೇ ರೀತಿ ಹುಳಿ ಉಳಿ ಆಗುತ್ತೆ, ಹೊಡೆ ಅನ್ನೋದು ಒಡೆ ಆಗುತ್ತೆ, ಹಾಳು ಆಳಾಗುತ್ತೆ. ಕನ್ನಡ ಬಲ್ಲವರು ಸಂದರ್ಭ ನೋಡಿ ಸರಿಮಾಡಿಕೊಂಡು ಕೇಳ್ತಾರೆ. ಕಿವಿಯಿಂದಲೇ ಕಲೀತಾ ಇರೋ ಮಗುವಿಗೆ ಆ ಅನುಕೂಲ ಇಲ್ಲ.

ಸರಿ, ಗೇಟ್ ಯಾಕೆ ಹಾಕಿದ್ದೆ? ಹಿಂದುಗಡೆ ಒಂದೇ ಸಮ ಗುಂಯ್ ಅಂತ ಸದ್ದು ಬರ್ತಿತ್ತು. ಆ ಗುಂಯ್ ಎಲ್ಲಿಂದ? ಮೈಕ್‌ನಿಂದಲ್ಲ, ಕೇಬಲ್ಲಿಂದ. ಅಂದರೆ ಕೇಬಲ್ಲಿನಲ್ಲಿ ಇದ್ದ ಬಗ್ ಅನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿಹಾಕೋಕೆ ಹೋಗಿದ್ದೆ. ನಮ್ಮ ಕೆಲಸದಲ್ಲಿ ಇದಕ್ಕೆ ಏನಂತೀವಿ ನಿಮಗೆ ಗೊತ್ತೇ ಇದೆ.

ಇಲ್ಲೊಂದು ತಮಾಷೆ ಇದೆ. ನಾನು ಕೂತಿರೋದು ಕೋಡಂಬಾಕ್ಕಂನಲ್ಲಿ. ತಮಿಳು ಸಿನಿಮಾಕ್ಕೆ ಕಾಲಿವುಡ್ ಅನ್ನೋ ಹೆಸರು ಬಂದಿದ್ದೇ ಈ ಏರಿಯಾದಿಂದ. ನಮ್ಮ ಸಿನಿಮಾದ ನಂಟೂ ಇಲ್ಲೇ ಇದೆ. ರಾಜ್‌ಕುಮಾರ್ ನಾಯಕರಾದ 1954ರ 'ಬೇಡರ ಕಣ್ಣಪ್ಪ'ದ ತಯಾರಿಕೆಯಲ್ಲಿ ಗುಬ್ಬಿ ಕಂಪನಿಯ ಜೊತೆ ಕೈ ಸೇರಿಸಿದ್ದು ಇಲ್ಲಿ ಪಕ್ಕದ ವಡಪಳನಿಯ ಎ.ವಿ.ಎಂ. ಆಮೇಲೂ ಎಷ್ಟೋ ವರ್ಷ ಕನ್ನಡ ಹಾಡುಗಳು ಮದ್ರಾಸಿನಲ್ಲೇ ರೆಕಾರ್ಡ್ ಆಗ್ತಿದ್ದವು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಇದೇ ಊರಲ್ಲಿದ್ದುಕೊಂಡು ನಮಗೆ ಹಾಡಿದವರು. ಆಗ ಕಂಪ್ಯೂಟರ್ ಇಲ್ಲ, ನಾಯ್ಸ್ ತೆಗೆಯೋ ಪ್ಲಗಿನ್ ಇಲ್ಲ. ಬಂದ ಸದ್ದು ಬಂತು ಅಷ್ಟೇ. ಹಾಗಾಗಿ ಸ್ಟುಡಿಯೋದವರು ಸದ್ದನ್ನ ಹುಟ್ಟೋ ಜಾಗದಲ್ಲೇ ತಡೀಬೇಕಿತ್ತು. ಸ್ಟುಡಿಯೋಗಳಲ್ಲಿ ಮೈಕ್‌ನಿಂದ ಕನ್ಸೋಲ್‌ವರೆಗೆ ಹತ್ತಾರು ಮೀಟರ್ ಕೇಬಲ್ ಓಡುತ್ತೆ, ಆದರೂ ಗುಂಯ್ ಅನ್ನಲ್ಲ. ನನ್ನ ಮನೇಲಿ ಎರಡು ಮೀಟರ್ ಕೇಬಲ್ ಗುಂಯ್ ಅಂತಿತ್ತು.

ವ್ಯತ್ಯಾಸ ಒಂದೇ: ಬ್ಯಾಲೆನ್ಸ್ಡ್ ಕೇಬಲ್.

ಇದನ್ನ ಐಟಿ ಜನಕ್ಕೆ ಹೇಳೋದು ಸುಲಭ. ಆಫೀಸಿನ ಲ್ಯಾನ್ ಕೇಬಲ್ ಬಿಚ್ಚಿ ನೋಡಿದ್ದೀರಾ? ಎರಡೆರಡು ತಂತಿ ಜಡೆ ಹೆಣೆದ ಹಾಗೆ ಸುತ್ತಿಕೊಂಡಿರುತ್ತೆ. ತಂತಿಗಳನ್ನು ಹೀಗೆ ಹೊಸೆದರೆ ಹೊರಗಿನ ಗಲಾಟೆ ಕಡಿಮೆಯಾಗುತ್ತೆ ಅನ್ನೋದು ಟೆಲಿಫೋನಿನ ಕಾಲದ ಉಪಾಯ. ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ತಗೊಂಡಿದ್ದ. ಬ್ಯಾಲೆನ್ಸ್ಡ್ ಮೈಕ್ ಕೇಬಲ್ಲೂ ಅದೇ ಜಾತಿ. ಎಕ್ಸ್‌ಎಲ್‌ಆರ್ ಅಂತೀವಲ್ಲ, ಮೂರು ಪಿನ್ನಿನ ದಪ್ಪ ಕನೆಕ್ಟರ್, ಅದರಲ್ಲಿ 1ನೇ ಪಿನ್ ಹೊರಗಿನ ಜಾಲರಿಗೆ, ಅಂದರೆ ಶೀಲ್ಡ್‌ಗೆ. 2 ಮತ್ತು 3 ಒಳಗಿನ ಎರಡು ತಂತಿಗೆ. ಎರಡರಲ್ಲೂ ನಿಮ್ಮ ದನಿಯೇ ಹೋಗುತ್ತೆ, ಆದರೆ ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗಾಗಿ.

ಲೆಕ್ಕ ಹಾಕಿ. ದನಿ 5 ಅನ್ನಿ. ಒಂದು ತಂತಿಯಲ್ಲಿ 5, ಇನ್ನೊಂದರಲ್ಲಿ ಮೈನಸ್ 5. ದಾರಿಯಲ್ಲಿ ಕರೆಂಟಿನ ಗುಂಯ್ 2 ಸೇರಿಕೊಂಡಿತು. ತಂತಿಗಳು ಅಕ್ಕಪಕ್ಕ ಹೊಸೆದುಕೊಂಡಿರೋದರಿಂದ ಎರಡಕ್ಕೂ ಸಮವಾಗಿ ಸೇರುತ್ತೆ. ಈಗ ಒಂದರಲ್ಲಿ 7, ಇನ್ನೊಂದರಲ್ಲಿ ಮೈನಸ್ 3. ಇಂಟರ್‌ಫೇಸ್ ಮಾಡೋದು ಒಂದರಿಂದ ಇನ್ನೊಂದನ್ನ ಕಳೆಯೋ ಕೆಲಸ. 7ರಿಂದ ಮೈನಸ್ 3 ಕಳೆದರೆ 10. ದನಿ ಎರಡರಷ್ಟಾಯ್ತು, ಗುಂಯ್ ಸೊನ್ನೆಯಾಯ್ತು. ನಿಜವಾದ ಸರ್ಕ್ಯೂಟಿನಲ್ಲಿ ಪೂರ್ತಿ ಸೊನ್ನೆ ಆಗಲ್ಲ, ಆದರೆ ಕಿವಿಗೆ ಬೀಳದಷ್ಟು ಇಳಿಯುತ್ತೆ.

ನನ್ನ ಹತ್ತಿರ ಇದ್ದದ್ದು ಮೈಕ್ ಜೊತೆ ಪುಕ್ಕಟೆ ಬಂದ ಕೇಬಲ್. ಒಂದು ತುದಿಯಲ್ಲಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಥರದ ಸಣ್ಣ ಪಿನ್. ಕನೆಕ್ಟರ್ ಬಿಚ್ಚಿ ನೋಡಿದರೆ 3ನೇ ಪಿನ್ನಿನ ತಂತಿಯನ್ನ ಶೀಲ್ಡ್‌ಗೇ ಸೇರಿಸಿ ಬೆಸುಗೆ ಹಾಕಿದ್ದರು. ಕಳೆಯೋಕೆ ಎರಡನೇ ತಂತಿಯೇ ಇಲ್ಲ! ಮೈಕ್ ಬ್ಯಾಲೆನ್ಸ್ಡ್ ಆಗಿದ್ದರೂ ಕೇಬಲ್ ಅದನ್ನ ಕೆಡಿಸಿತ್ತು. ಹಾಗಾಗಿ ಮೊದಲ ಮಾತು: ನಿಮ್ಮ ಮೈಕ್ ಎಕ್ಸ್‌ಎಲ್‌ಆರ್ ಆಗಿದ್ದರೆ ಎರಡೂ ತುದಿ ಎಕ್ಸ್‌ಎಲ್‌ಆರ್ ಇರೋ ಕೇಬಲ್ ತಗೊಂಡು ಇಂಟರ್‌ಫೇಸ್‌ನ ಎಕ್ಸ್‌ಎಲ್‌ಆರ್ ತೂತಿಗೇ ಹಾಕಿ. ಚೆನ್ನೈನವರಿಗೆ ರಿಚಿ ಸ್ಟ್ರೀಟ್, ಬೆಂಗಳೂರಿನವರಿಗೆ ಎಸ್.ಪಿ. ರೋಡ್, ಎರಡೂ ಕಡೆ ಸಿಗುತ್ತೆ. ಎಷ್ಟು ಬೇಕೋ ಅಷ್ಟೇ ಉದ್ದ ತಗೊಳ್ಳಿ. ಮಂಚದಿಂದ ಮೇಜಿಗೆ ಮೂರು ಮೀಟರ್ ಸಾಕು, ಹತ್ತು ಮೀಟರ್ ಬೇಡ.

ಆದರೆ ಕೇಬಲ್ ಕೊಳ್ಳೋಕೆ ಓಡೋದಕ್ಕೆ ಮುಂಚೆ ಡೀಬಗ್ ಮಾಡಿ. ಒಂದೊಂದು ಸದ್ದಿಗೆ ಒಂದೊಂದು ಕಾರಣ. ಹೆಡ್‌ಫೋನ್ ಹಾಕಿಕೊಳ್ಳಿ, ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಕೇಬಲ್ ಅಲ್ಲಾಡಿಸ್ತಾ ಅರ್ಧ ನಿಮಿಷ.

(ಮೊದಲ ಸದ್ದು: ಒಂದೇ ಸಮನೆ ಗುಂಯ್. ಎರಡನೆಯದು: ಸರಸರ, ದಬ್ ದಬ್. ಮೂರನೆಯದು: ಚಟ್, ಕರಕರ, ನಡುವೆ ದನಿ ನಿಂತುಹೋಗುತ್ತದೆ.)

ಈ ಮೂರನ್ನೂ ಗುರುತಿಟ್ಟುಕೊಳ್ಳಿ. ಗುಂಯ್ ಕರೆಂಟಿನದು. ಸರಸರ ಕೇಬಲ್ ಅಲ್ಲಾಡಿದ್ದರದು. ಕರಕರ ಕನೆಕ್ಟರಿನದು.

ಮೊದಲು ಗುಂಯ್. ನಮ್ಮ ಕರೆಂಟು 50 ಹರ್ಟ್ಸ್. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಅರ್ಧ ನಿಮಿಷದ ಸ್ಪೆಕ್ಟ್ರಮ್ ನೋಡಿ. 50, 100, 150ರಲ್ಲಿ ಮೊಳೆ ಹೊಡೆದ ಹಾಗೆ ಗೆರೆ ಎದ್ದಿದ್ದರೆ ಕರೆಂಟೇ ಕಳ್ಳ. ಅಮೆರಿಕದಲ್ಲಿ ಇರೋರಿಗೆ 60, 120, 180. ಇದನ್ನ ಫಿಲ್ಟರ್ ಹಾಕಿ ಕತ್ತರಿಸೋಣ ಅನ್ನಿಸುತ್ತೆ. ಆದರೆ ಗಂಡಸರ ದನಿಯ ಬುಡವೇ 100, 150ರ ಆಸುಪಾಸಿನಲ್ಲಿ ಇರುತ್ತೆ. ಅಲ್ಲಿ ಕತ್ತರಿ ಹಾಕಿದರೆ ದನಿಯ ಮೈಯೇ ಹೋಗಿ ಡಬ್ಬದೊಳಗಿಂದ ಮಾತಾಡಿದ ಹಾಗಾಗುತ್ತೆ.

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಗುಂಯ್ ನಿಂತುಹೋದರೆ ತೊಂದರೆ ಚಾರ್ಜರಿನ ದಾರಿಯಲ್ಲಿದೆ. ಚಾರ್ಜರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದರೆ ಎರಡು ಅರ್ಥಿಂಗ್ ನಡುವೆ ಒಂದು ಸುತ್ತು ಏರ್ಪಟ್ಟು ಅದರಲ್ಲಿ ಕರೆಂಟು ಹರಿಯುತ್ತೆ. ಗ್ರೌಂಡ್ ಲೂಪ್ ಅನ್ನೋದು ಇದಕ್ಕೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಬಹಳ ಸಲ ಹೋಗುತ್ತೆ. ಹೋಗದಿದ್ದರೆ ಓದೋವಾಗ ಬ್ಯಾಟರಿಯಲ್ಲೇ ಓದಿ. ನಾನು ಈಗಲೂ ಹಾಗೇ ಮಾಡ್ತೀನಿ.

ಎರಡನೇ ಪರೀಕ್ಷೆ. ಮೈಕಿನ ಲೋಹದ ಮೈ ಮುಟ್ಟಿ. ಮುಟ್ಟಿದ ತಕ್ಷಣ ಗುಂಯ್ ಕಡಿಮೆಯಾದರೆ ಶೀಲ್ಡ್ ಎಲ್ಲೋ ಕಡಿದಿದೆ, ಇಲ್ಲಾ ಅರ್ಥಿಂಗ್ ಸರಿಯಿಲ್ಲ. ಲ್ಯಾಪ್‌ಟಾಪಿನ ಮೈ ಸವರಿದಾಗ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತಲ್ಲ, ಅದೂ ಇದೇ ಸೂಚನೆ. ನನ್ನ ಬಾಡಿಗೆ ಮನೇಲಿ ಹಾಗೇ ಆಗ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿ ತೋರಿಸಿದರು. ಮೂರನೇ ತೂತು ಇದೆ, ಅದರ ಹಿಂದೆ ತಂತಿಯೇ ಇಲ್ಲ. ಆಡಿಯೋ ವಿಷಯ ಬಿಡಿ, ಜೀವಕ್ಕೇ ಅಪಾಯ ಇದು. ಮಕ್ಕಳಿರೋ ಮನೆಯಾದರೆ ನಾಳೆಯೇ ನೋಡಿಸಿ.

ಇದರ ಜೊತೆಗೇ ಒಂದು ಎಚ್ಚರಿಕೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯೋ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಸದ್ದು ಹೋಗಬಹುದು. ಆದರೆ ಯಾವುದೋ ಒಂದು ದಿನ ಒಳಗೆ ಶಾರ್ಟ್ ಆದರೆ ಕರೆಂಟು ಹರಿಯೋದು ನಿಮ್ಮ ಮೈಯಿಂದ.

ಇನ್ನು ಕೇಬಲ್ ಹಾಯಿಸೋ ದಾರಿ. ಮೈಕ್ ಕೇಬಲ್ಲು ಕರೆಂಟ್ ವೈರು ಜೊತೆಜೊತೆಗೆ ಓಡಬಾರದು. ದಾಟಲೇಬೇಕು ಅಂದರೆ ಪ್ಲಸ್ ಗುರುತಿನ ಹಾಗೆ ಅಡ್ಡಡ್ಡ ದಾಟಿಸಿ. ಉಳಿದ ಕೇಬಲ್ಲನ್ನ ಸುರುಳಿ ಸುತ್ತಿ ಚಾರ್ಜರಿನ ಇಟ್ಟಿಗೆ ಮೇಲೆ ಇಡಬೇಡಿ. ಶೀಲ್ಡ್ ಇದೆಯಲ್ಲ ಅನ್ನಬಹುದು. ಆದರೆ ಚಾರ್ಜರು, ಟ್ರಾನ್ಸ್‌ಫಾರ್ಮರ್ ಸುತ್ತ ಇರೋ 50 ಹರ್ಟ್ಸಿನ ಕಾಂತಕ್ಷೇತ್ರ ತಾಮ್ರದ ಜಾಲರಿಯನ್ನ ಸುಲಭವಾಗಿ ದಾಟುತ್ತೆ. ಅದಕ್ಕೆ ಮದ್ದು ಒಳಗಿನ ತಂತಿಗಳ ಹೊಸೆತ ಮತ್ತು ದೂರ. ತೀರಾ ತೊಂದರೆ ಇರೋ ಕಡೆ ನಾಲ್ಕು ತಂತಿ ಹೊಸೆದ ಸ್ಟಾರ್ ಕ್ವಾಡ್ ಕೇಬಲ್ ಸಿಗುತ್ತೆ. ಮನೆಗೆ ಸಾಮಾನ್ಯವಾಗಿ ಅಷ್ಟು ಬೇಡ.

ಗುಂಯ್ ಅನ್ನದೆ ಜುಯ್ಯ್ ಅಂತ ಚುಚ್ಚೋ ಹಾಗೆ ಬಂದರೆ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಇರೋ ಲೈಟು, ಅಗ್ಗದ ಎಲ್‌ಇಡಿ ಬಲ್ಬು, ಮನೆಯ ಇನ್ವರ್ಟರ್, ಇವನ್ನ ಒಂದೊಂದಾಗಿ ಆಫ್ ಮಾಡಿ ನೋಡಿ. ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿ ದೂರ ಇಡಿ. ಹಿಂದೆ ಟುಜಿ ಫೋನಿಗೆ ಕಾಲ್ ಬರೋ ಮುಂಚೆ ಸ್ಪೀಕರ್ ಟಿಟಿಟ್ ಟಿಟಿಟ್ ಅಂತಿತ್ತಲ್ಲ, ಫೋನು ಸೆಕೆಂಡಿಗೆ ಸುಮಾರು 217 ಸಲ ರೇಡಿಯೋ ಮಿಡಿತ ಬಿಡ್ತಿದ್ದದ್ದು ಕೇಬಲ್ಲಿನಲ್ಲಿ ಹಾಗೆ ಕೇಳಿಸ್ತಿತ್ತು.

ಇಲ್ಲಿ ನಾನು ಬಿದ್ದ ಒಂದು ಹಳ್ಳ ಹೇಳ್ತೀನಿ. ಕೇಬಲ್ ಒಂದನ್ನೇ ಪರೀಕ್ಷೆ ಮಾಡೋಣ ಅಂತ ಮೈಕ್ ಕಿತ್ತು ಬರೀ ಕೇಬಲ್ ಸಿಕ್ಕಿಸಿ ಗೇನ್ ಏರಿಸಿದೆ. ಗುಂಯ್ ಇನ್ನೂ ಜೋರಾಯ್ತು! ಹೊಸ ಕೇಬಲ್ಲೂ ಕೆಟ್ಟದ್ದು ಅಂದುಕೊಂಡೆ. ತಪ್ಪು. ತುದಿ ತೆರೆದಿರೋ ಕೇಬಲ್ ಏರಿಯಲ್ ಥರ ಸದ್ದು ಹಿಡಿಯುತ್ತೆ. ಪರೀಕ್ಷೆ ಮಾಡೋದಾದರೆ ಒಂದು ಎಕ್ಸ್‌ಎಲ್‌ಆರ್ ಪ್ಲಗ್ಗಿನ 2 ಮತ್ತು 3ನೇ ಪಿನ್ ನಡುವೆ 150 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಮೈಕ್ ಜಾಗದಲ್ಲಿ ಸಿಕ್ಕಿಸಿ. ಮೈಕ್ ಇದೆ ಅಂತಲೇ ಇಂಟರ್‌ಫೇಸ್ ತಿಳಿಯುತ್ತೆ, ಆದರೆ ರೂಮಿನ ಸದ್ದು ಬರಲ್ಲ. ಈಗ ಬರೋದು ಕೇಬಲ್ಲು ಮತ್ತು ಇಂಟರ್‌ಫೇಸ್‌ನ ಸದ್ದು ಮಾತ್ರ. ಈ ಪರೀಕ್ಷೆ ಹೊತ್ತಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ ಆಫ್ ಇರಲಿ.

ಎರಡನೆಯದು ಸರಸರ. ಇದು ಕರೆಂಟಲ್ಲ, ಅಲುಗಾಟ. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಟ ಆಡಿದ್ದೀವಲ್ಲ, ಕೇಬಲ್ಲೂ ಆ ದಾರದ ಹಾಗೆ ಅದುರನ್ನ ಮೈಕಿಗೆ ಒಯ್ಯುತ್ತೆ. ಜೊತೆಗೆ, ಬಗ್ಗಿಸಿದಾಗ ಒಳಗಿನ ತಂತಿ ಮತ್ತು ಅದರ ಹೊದಿಕೆ ಉಜ್ಜಿಕೊಂಡು ಸಣ್ಣ ಚಾರ್ಜ್ ಹುಟ್ಟುತ್ತೆ, ಅದೂ ಸದ್ದಾಗಿ ಬರುತ್ತೆ. ಒಳ್ಳೆ ಕೇಬಲ್ಲಿನಲ್ಲಿ ಹತ್ತಿಯ ನೂಲು ತುಂಬಿ ಇದನ್ನ ಕಡಿಮೆ ಮಾಡಿರ್ತಾರೆ.

ಮದ್ದು ಸುಲಭ. ಮೈಕಿನ ಕೆಳಗೆ ಕೇಬಲ್ಲನ್ನ ಬಿಗಿಯಾಗಿ ಎಳೆದು ಕಟ್ಟಬೇಡಿ. ಅಂಗೈಯಷ್ಟು ಅಗಲದ ಒಂದು ಸಡಿಲ ಸುತ್ತು ಬಿಟ್ಟು, ಆಮೇಲೆ ಸ್ಟ್ಯಾಂಡಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಕೆಳಗಿಂದ ಬಂದ ಅದುರು ಆ ಸುತ್ತಿನಲ್ಲೇ ಸೊರಗುತ್ತೆ. ಕಾಲರ್ ಮೈಕ್ ಹಾಕೋರು ಕ್ಲಿಪ್ಪಿನ ಹಿಂದೆ ಅಂಥದ್ದೇ ಒಂದು ಪುಟ್ಟ ಸುತ್ತು ಮಾಡಿ ಶರ್ಟಿನ ಒಳಗೆ ಟೇಪ್ ಅಂಟಿಸಿ. ಸ್ಟ್ಯಾಂಡಿನ ಕಾಲಿನ ಕೆಳಗೆ ಮಡಿಸಿದ ಟವೆಲ್ಲೋ ಹಳೇ ಜಮಖಾನವೋ ಇರಲಿ. ಓದೋ ಪುಸ್ತಕ ಮೈಕ್ ಇರೋ ಮೇಜಿನ ಮೇಲೆ ಬೇಡ. ಯುಎಸ್‌ಬಿ ಮೈಕ್ ಇರೋರಿಗೂ ಈ ಭಾಗ ಪೂರ್ತಿ ಅನ್ವಯ ಆಗುತ್ತೆ.

ಮೂರನೆಯದು ಕರಕರ. ಕೇಬಲ್ಲಿನ ತುದಿಯನ್ನ ಮೆಲ್ಲಗೆ ಆಚೀಚೆ ಬಗ್ಗಿಸಿ. ಯಾವ ತುದಿ ಬಗ್ಗಿಸಿದಾಗ ಚಟ್ ಅನ್ನುತ್ತೋ ಆ ತುದಿಯ ಬೆಸುಗೆ ಬಿಟ್ಟಿದೆ. ಬೆಸುಗೆ ಹಾಕೋಕೆ ಬಂದರೆ ಹತ್ತು ನಿಮಿಷದ ಕೆಲಸ. ಚೆನ್ನೈ, ಮಂಗಳೂರು, ಮುಂಬೈನಂಥ ಕಡಲ ತೀರದ ಊರಲ್ಲಿ ಇರೋರಿಗೆ ಇನ್ನೊಂದು ಕಾರಣ ಇದೆ: ಉಪ್ಪುಗಾಳಿ. ಪಿನ್ನುಗಳು ಮಂಕಾಗುತ್ತವೆ. ಆರೇಳು ಸಲ ಸಿಕ್ಕಿಸಿ ತೆಗೆದರೆ ಎಷ್ಟೋ ಸಲ ಸರಿಹೋಗುತ್ತೆ, ಇಲ್ಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ಪ್ರತಿ ಸಲ ಸಿಕ್ಕಿಸೋವಾಗ ಫ್ಯಾಂಟಮ್ ಆಫ್ ಮಾಡಿ, ಗೇನ್ ಇಳಿಸಿ. ಎತ್ತಿಡೋವಾಗ ಮೊಣಕೈಗೆ ಹಗ್ಗ ಸುತ್ತೋ ಹಾಗೆ ಸುತ್ತಬೇಡಿ. ಒಳಗಿನ ತಂತಿ ತಿರುಚಿಕೊಂಡು ಮುರಿಯುತ್ತೆ. ಅಗಲವಾದ ಸುತ್ತಾಗಿ, ಒಂದು ಸುತ್ತು ಮೇಲಿಂದ, ಇನ್ನೊಂದು ಒಳಗಿಂದ ಹಾಕಿ.

ಇನ್ನು ಕೇಬಲ್ಲಿನ ಮೇಲೆ ಹೊರಿಸಬಾರದ ತಪ್ಪುಗಳು. ನಮ್ಮ ಮನೆ ಹತ್ತಿರ ಲೋಕಲ್ ಟ್ರೈನ್ ಹೋಗುತ್ತೆ. ನುಂಗಂಬಾಕ್ಕಂ ಬಿಟ್ಟು ಮಾಂಬಲಂ ಕಡೆ ಹೋಗೋ ಗಾಡಿಯ ಗುಡುಗುಡು ನನ್ನ ಫೈಲಿನಲ್ಲಿ ಬರುತ್ತೆ. ಅದು ಗಾಳಿಯಲ್ಲಿ, ಗೋಡೆಯಲ್ಲಿ ಬಂದ ಸದ್ದು. ಯಾವ ಕೇಬಲ್ ಹಾಕಿದರೂ ಹೋಗಲ್ಲ. 80 ಹರ್ಟ್ಸಿನ ಲೋ ಕಟ್ ಸ್ವಿಚ್ ಸ್ವಲ್ಪ ತಗ್ಗಿಸುತ್ತೆ, ಉಳಿದದ್ದಕ್ಕೆ ಗಾಡಿ ಹೋಗೋವರೆಗೆ ಕಾಯೋದೇ. ಸುಯ್ ಅನ್ನೋ ಸದ್ದು ಗೇನ್ ಅತಿಯಾದಾಗ ಬರೋದು. ಮೈಕನ್ನ ಹತ್ತಿರ ತಂದುಕೊಳ್ಳಿ. ಎರಡು ಗೇಣು ದೂರ ಇದ್ದದ್ದನ್ನ ಒಂದು ಗೇಣಿಗೆ ತಂದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ಗೇನ್ ಅಷ್ಟೇ ಇಳಿಸಬಹುದು. ಜೋರಾಗಿ ಓದಿದಾಗ ಮೀಟರ್ ಮೈನಸ್ 12ರ ಹತ್ತಿರ ಬಂದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೆ ಸಾಫ್ಟ್‌ವೇರ್ ಬೇಡವೇ? ಬೇಕಾದರೆ ಬಳಸಿ, ಉಪ್ಪಿನಷ್ಟು. ನಾಯ್ಸ್ ರಿಡಕ್ಷನ್ ಜಾಸ್ತಿಯಾದರೆ ಸುಯ್ ಜೊತೆಗೆ ಸ, ಶ, ಷ ಕೂಡ ಸವೆಯುತ್ತೆ. ಅವೂ ಸುಯ್ ಅನ್ನೋ ಅಕ್ಷರಗಳೇ ತಾನೆ? ಗೇಟ್ ಜಾಸ್ತಿಯಾದರೆ ಹ ಹೋಗುತ್ತೆ. ನಾನೀಗ ಒಂದು ಪರೀಕ್ಷಾ ವಾಕ್ಯ ಇಟ್ಟುಕೊಂಡಿದ್ದೀನಿ: "ಹಳೇ ಹೊಲದ ಹತ್ತಿರ ಹಕ್ಕಿ ಹಾರಿತು, ಶೇಷಣ್ಣ ಹಸು ಹುಡುಕಿದ." ಪ್ರತಿ ಸಲ ಮೊದಲು ಇದನ್ನ ಓದಿ, ಹೆಡ್‌ಫೋನಿನಲ್ಲಿ ಕೇಳಿ, ಅಕ್ಷರ ಎಲ್ಲ ಇದೆ ಅಂತ ಖಾತ್ರಿ ಮಾಡಿಕೊಂಡು ಕಥೆ ಶುರು ಮಾಡ್ತೀನಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಯೂನಿಟ್ ಟೆಸ್ಟ್.

ಆ ಕಥೆಯನ್ನ ಹೊಸ ಕೇಬಲ್ಲಿನಲ್ಲಿ, ಬ್ಯಾಟರಿ ಮೇಲೆ, ಗೇಟ್ ಇಲ್ಲದೆ ಮತ್ತೆ ಓದಿ ಕಳಿಸಿದೆ.

(ಹೊಸ ರೆಕಾರ್ಡಿಂಗ್: "...ಹಕ್ಕಿ ಮರದ ಮೇಲೆ ಕೂತಿತ್ತು..." ಹಿನ್ನೆಲೆಯಲ್ಲಿ ದೂರದಿಂದ ರೈಲು.)

ರೈಲು ಕೇಳಿಸ್ತಲ್ಲ? ಅದನ್ನ ತೆಗೀಲಿಲ್ಲ, ತೆಗೆಯೋಕೆ ಹೋಗಿದ್ದರೆ ಇನ್ನೇನು ಹೋಗ್ತಿತ್ತೋ. ಮುಂದಿನ ವಾರ ಮಗು ಫೋನ್ ಮಾಡಿತು. "ಮಾಮ, ಹ್ಹಕ್ಕಿ!" ಅಂತ ಉಸಿರೆಲ್ಲ ಹಾಕಿ ಹೇಳಿತು. ಆಮೇಲೆ ಕೇಳಿತು, "ಆ ಟ್ರೈನು ಎಲ್ಲಿಗೆ ಹೋಗುತ್ತೆ?" ತಾಂಬರಂಗೆ ಅಂದೆ. ಈಗ ತಾಂಬರಂ ಕಥೆ ಬೇಕಂತೆ, ಬರೀತಾ ಇದ್ದೀನಿ.

ನಿಮ್ಮ ರೆಕಾರ್ಡಿಂಗ್‌ನಲ್ಲಿ ಯಾವ ಸದ್ದು ಬರ್ತಾ ಇದೆ, ಗುಂಯ್ಯೋ, ಸರಸರವೋ, ಕರಕರವೋ? ಇವತ್ತು ರಾತ್ರಿ ಚಾರ್ಜರ್ ಕಿತ್ತು ಅರ್ಧ ನಿಮಿಷ ರೆಕಾರ್ಡ್ ಮಾಡಿ ನೋಡಿ. ಅಲ್ಲಿಂದ ಶುರು ಮಾಡಿ.